ಅಪ್‌ಡೇಟ್: ಆಫೀಸ್ ಶಿಫ್ಟ್ ಆಯ್ತು, ನೆಟ್ ನಿಲ್ಲಲಿಲ್ಲ

ಕಚೇರಿ ಬದಲಾಯಿಸುವಾಗ ಇಂಟರ್ನೆಟ್ ಕಡಿತವಾಗದಂತೆ ಏನು ಮಾಡಬೇಕು ಅಂತ ಕೇಳಿದ್ದೆ. ಹಳೇ ಲೈನ್ ಶಿಫ್ಟ್ ಮಾಡಿಸದೆ, ಹೊಸ ಕನೆಕ್ಷನ್ ತಗೊಂಡು ಎರಡನ್ನೂ ಕೆಲಕಾಲ ಇಟ್ಟುಕೊಳ್ಳಿ ಅಂದವರ ಮಾತು ಕೇಳಿದ್ದು ಒಳ್ಳೆಯದಾಯ್ತು. ಹೊಸ ಜಾಗಕ್ಕೆ ಬರಬೇಕಿದ್ದ ಫೈಬರ್ ಕನೆಕ್ಷನ್ ತಡವಾಯ್ತು (ಆಗೇ ಆಗುತ್ತೆ ಅಂತ ಗೊತ್ತಿತ್ತು ಬಿಡಿ). ಅಲ್ಲಿಯವರೆಗೆ ರೂಟರ್‌ಗೆ 5ಜಿ ಸಿಮ್ ಹಾಕಿ ದೂಡಿದೆವು.

ಬ್ರೌಸಿಂಗ್, ವಿಡಿಯೊ ಕಾಲ್ ಎಲ್ಲ ಸರಿ. ಆದರೆ ಹೊರಗಿನಿಂದ ವಿಪಿಎನ್ (ದೂರದಿಂದ ಆಫೀಸ್ ನೆಟ್‌ವರ್ಕ್‌ಗೆ ಸುರಕ್ಷಿತವಾಗಿ ಸೇರುವ ದಾರಿ) ಮೂಲಕ ಒಳಬರಲು ಆಗಲಿಲ್ಲ. ಮೊಬೈಲ್ ನೆಟ್‌ವರ್ಕ್‌ನಲ್ಲಿ ಸಾಮಾನ್ಯವಾಗಿ ಒಂದೇ ಪಬ್ಲಿಕ್ ಐಪಿಯನ್ನು (ಇಂಟರ್ನೆಟ್‌ನಲ್ಲಿ ಹೊರಗೆ ಕಾಣುವ ವಿಳಾಸ) ಹಲವರು ಹಂಚಿಕೊಳ್ಳುತ್ತಾರೆ, ಒಳಬರುವ ಕನೆಕ್ಷನ್ ನಮ್ಮವರೆಗೆ ತಲುಪೋದೇ ಇಲ್ಲ. ಅದಕ್ಕೇ ಫೈಬರ್ ಬರುವವರೆಗೂ ಸರ್ವರ್ ಹಳೇ ಜಾಗದಲ್ಲೇ ಇತ್ತು. ಡಿಎನ್‌ಎಸ್ (ಹೆಸರಿನಿಂದ ಐಪಿ ಹುಡುಕಿಕೊಡುವ ವ್ಯವಸ್ಥೆ) ಟಿಟಿಎಲ್, ಅಂದರೆ ಹಳೇ ಉತ್ತರವನ್ನು ನೆನಪಿಟ್ಟುಕೊಳ್ಳುವ ಅವಧಿ, ಮೊದಲೇ 300 ಸೆಕೆಂಡಿಗೆ ಇಳಿಸಿದ್ದರಿಂದ, ಸರ್ವರ್ ತಂದಾಗ ಅದರ ಹೆಸರು ಹೊಸ ಐಪಿಗೆ ಬೇಗ ಹೊರಳಿತು.

ಕೆಲವು ಗ್ರಾಹಕರ ಫೈರ್‌ವಾಲ್‌ಗಳಲ್ಲಿ (ಯಾವ ಕನೆಕ್ಷನ್ ಬಿಡಬೇಕು, ಯಾವುದನ್ನು ತಡೆಯಬೇಕು ಅಂತ ನೋಡುವ ವ್ಯವಸ್ಥೆ) ನಮ್ಮ ಹಳೇ ಐಪಿಗೆ ಮಾತ್ರ ಅನುಮತಿಯಿದೆ. ಅವರೆಲ್ಲ ಬದಲಿಸುವವರೆಗೆ ಹಳೇ ಲೈನ್ ರದ್ದು ಮಾಡಲ್ಲ.