ರೆಸಿಡ್ಯುಯಲ್ 2 ಮಿ.ಮೀ. ಬಂದರೆ ಸೆಟಪ್ ಸರಿ ಅಂತಲೇ ಅರ್ಥವಾ?

ಪ್ರಶ್ನೆ (ಸೈಟ್ ಇಂಜಿನಿಯರ್): ಕಟ್ಟಡದ ಲೇಔಟಿಗೆ ಟೋಟಲ್ ಸ್ಟೇಷನ್ (ಕೋನ, ದೂರ ಎರಡನ್ನೂ ಅಳೆಯುವ ಯಂತ್ರ) ಬಳಸುತ್ತೇವೆ. ಪ್ರತಿ ಸಲ ಎರಡು ಕಂಟ್ರೋಲ್ ಪಾಯಿಂಟ್ (ಸ್ಥಾನ ಮೊದಲೇ ಗೊತ್ತಿರುವ ಗುರುತು) ನೋಡಿ ರಿಸೆಕ್ಷನ್ ಮಾಡುತ್ತೇವೆ, ಅಂದರೆ ಅವುಗಳಿಂದ ಯಂತ್ರ ನಿಂತ ಜಾಗ ಲೆಕ್ಕ ಹಾಕುತ್ತೇವೆ. ಸ್ಕ್ರೀನ್ ಮೇಲೆ 2-3 ಮಿ.ಮೀ. ರೆಸಿಡ್ಯುಯಲ್ (ಲೆಕ್ಕಕ್ಕೂ ಅಳತೆಗೂ ನಡುವೆ ಉಳಿಯುವ ವ್ಯತ್ಯಾಸ) ಬಂದರೆ ಓಕೆ ಒತ್ತಿ ಕೆಲಸ ಶುರು. ಆದರೂ ಕೆಲವು ಸಲ ನಿನ್ನೆ ಹಾಕಿದ ಗ್ರಿಡ್ ಲೈನಿಗೂ ಇವತ್ತಿನದಕ್ಕೂ ಒಂದು ಸೆಂ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಬರುತ್ತದೆ. ಈಗ ಪ್ರತಿ ಸೆಟಪ್ಪಿನ ನಿಖರತೆ ಬರೆದಿಡಿ ಅಂತ ಮೇಲಿನವರು ಹೇಳಿದ್ದಾರೆ. ಎಕ್ಸೆಲ್‌ನಲ್ಲಿ ರೆಸಿಡ್ಯುಯಲ್ ಬರೆದರೆ ಸಾಕಾ?

ಉತ್ತರ (ಸರ್ವೇಯರ್): ಸಾಲದು. ನೀವು ನೋಡಿದ ಪಾಯಿಂಟುಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅನ್ನುವುದನ್ನಷ್ಟೇ ರೆಸಿಡ್ಯುಯಲ್ ಹೇಳುತ್ತದೆ. ಯಂತ್ರ ನಿಜವಾಗಿ ಎಲ್ಲಿ ನಿಂತಿದೆ ಅನ್ನುವುದು ಬೇರೆ ಮಾತು.

ಒಂದು ಲೆಕ್ಕ ನೋಡಿ. ಎರಡೂ ಪಾಯಿಂಟ್ 50 ಮೀಟರ್ ದೂರದಲ್ಲಿವೆ, ಒಂದೇ ಕಡೆ ಇವೆ, ನಡುವಿನ ಕೋನ ಬರೀ 10 ಡಿಗ್ರಿ. ಪ್ರಿಸಂ ಕಾನ್‌ಸ್ಟಂಟ್ (ಗುರುತಿನ ಮೇಲೆ ಹಿಡಿಯುವ ಪ್ರಿಸಂಗೆ ತಕ್ಕಂತೆ ದೂರಕ್ಕೆ ಹಾಕುವ ತಿದ್ದುಪಡಿ) 30 ಮಿ.ಮೀ. ತಪ್ಪಾಗಿದೆ, ದೂರವೆಲ್ಲ ಅಷ್ಟು ಜಾಸ್ತಿ ಬರುತ್ತಿದೆ ಅಂದುಕೊಳ್ಳಿ. ಎರಡೂ ದೂರ ಒಟ್ಟಿಗೇ ಬೆಳೆದರೂ, ಕೋನ ಕಿರಿದಾದ್ದರಿಂದ ಆ ಎರಡು ಪಾಯಿಂಟುಗಳ ನಡುವಿನ ಅಂತರದಲ್ಲಿ ಕಾಣುವ ತಪ್ಪು ಸುಮಾರು 5 ಮಿ.ಮೀ. ಮಾತ್ರ. ಅದೂ ಎರಡು ಪಾಯಿಂಟಿಗೆ ಹಂಚಿಹೋಗುತ್ತದೆ. ಸ್ಕ್ರೀನ್ ನಿಮಗೆ 2-3 ಮಿ.ಮೀ. ತೋರಿಸುತ್ತದೆ, ಲೆಕ್ಕದಲ್ಲಿ ಸ್ಟೇಷನ್ (ಯಂತ್ರ ನಿಂತ ಜಾಗ) ಮಾತ್ರ ಹೆಚ್ಚುಕಮ್ಮಿ 3 ಸೆಂ.ಮೀ. ಹಿಂದಕ್ಕೆ ಸರಿದಿರುತ್ತದೆ.

ಇನ್ನೂ ಮಜಾ ಏನು ಅಂದರೆ, ಅದೇ ಪ್ರಿಸಂ ಹಿಡಿದು ಅದೇ ಕಡೆಗೆ ಲೇಔಟ್ ಮಾಡಿದರೆ ಎಲ್ಲವೂ ಸರಿಯಾಗೇ ಬರುತ್ತದೆ. ಒಂದು ತಪ್ಪು ಇನ್ನೊಂದನ್ನು ನುಂಗಿಬಿಡುತ್ತದೆ. ಯಂತ್ರವನ್ನು ಹಿಂದಕ್ಕೆ ತಿರುಗಿಸಿ ಕಂಬದ (ಕಾಲಂ) ಗುರುತು ಹಾಕಿ ನೋಡಿ, ಅಲ್ಲಿ ಸುಮಾರು 6 ಸೆಂ.ಮೀ. ತಪ್ಪು!

ಹಾಗಾಗಿ ರಿಸೆಕ್ಷನ್‌ಗೆ ಬಳಸದ ಒಂದು ಪಾಯಿಂಟನ್ನು ಚೆಕ್‌ಗೆ ಅಂತಲೇ ಇಟ್ಟುಕೊಳ್ಳಿ. ಆದಷ್ಟು ಎದುರು ದಿಕ್ಕಿನಲ್ಲಿ ಇರಲಿ. ಸೆಟಪ್ ಆದ ತಕ್ಷಣ ಅದನ್ನು ಅಳೆಯಿರಿ, ಕೆಲಸ ಮುಗಿಸಿ ಯಂತ್ರ ತೆಗೆಯುವ ಮುಂಚೆ ಮತ್ತೊಮ್ಮೆ ಅಳೆಯಿರಿ. ನಿಮ್ಮ ಶೀಟಿನ ಮುಖ್ಯ ಅಂಕಿ ಇದೇ. ರೆಸಿಡ್ಯುಯಲ್ ಪಕ್ಕದ ಕಾಲಮ್ಮಿನಲ್ಲಿ ಇರಲಿ. ಸಾಧ್ಯವಾದರೆ ಎರಡರ ಬದಲು ಮೂರು ಪಾಯಿಂಟ್ ಹಿಡಿಯಿರಿ. ಎರಡೇ ಪಾಯಿಂಟ್ ಇದ್ದರೆ ತಪ್ಪು ಇದೆ ಅಂತ ಗೊತ್ತಾದರೂ ಯಾವುದರಲ್ಲಿ ಅಂತ ಗೊತ್ತಾಗುವುದಿಲ್ಲ.

ಪ್ರಶ್ನೆ: ಚೆಕ್ ಪಾಯಿಂಟಿನ ವ್ಯತ್ಯಾಸ "4 ಮಿ.ಮೀ." ಅಂತ ಬರೆದರೆ ಆಯ್ತಲ್ವಾ?

ಉತ್ತರ: ಪ್ಲಸ್ಸೋ ಮೈನಸ್ಸೋ ಬರೆಯದಿದ್ದರೆ ಆ ಅಂಕಿಗೆ ಅರ್ಧ ಬೆಲೆಯೂ ಇಲ್ಲ. ಹತ್ತು ಸೆಟಪ್‌ನಲ್ಲಿ +4, -3, +2, -4 ಅಂತ ಆಚೀಚೆ ಬಂದರೆ ಅದು ಸೆಂಟರಿಂಗ್ (ಯಂತ್ರ, ಪ್ರಿಸಂಗಳನ್ನು ಗುರುತಿನ ನೇರಕ್ಕೆ ನಿಲ್ಲಿಸುವುದು), ಪ್ರಿಸಂ ಕೂರಿಸಿದ ಪೋಲ್ ಹಿಡಿಯುವ ಕೈ, ಇಂಥವುಗಳ ಚದುರುವಿಕೆ. ಹತ್ತೂ +4ರ ಆಸುಪಾಸೇ ಬಂದರೆ ಏನೋ ಒಂದು ಕೂತು ತಪ್ಪಿಸುತ್ತಿದೆ ಅಂತ.

ಈಸ್ಟಿಂಗ್, ನಾರ್ದಿಂಗ್ (ಪೂರ್ವಕ್ಕೆ ಎಷ್ಟು, ಉತ್ತರಕ್ಕೆ ಎಷ್ಟು) ಅಂತ ಬರೆಯುವುದಕ್ಕಿಂತ, ಯಂತ್ರದಿಂದ ಪಾಯಿಂಟಿಗೆ ಎಳೆದ ಗೆರೆಯ ಉದ್ದಕ್ಕೆ ಎಷ್ಟು, ಅಡ್ಡಕ್ಕೆ ಎಷ್ಟು ಅಂತ ಬಿಡಿಸಿ ಬರೆಯುವುದು ನನಗೆ ಇಷ್ಟ. ಉದ್ದಕ್ಕೆ ತಪ್ಪಿದ್ದರೆ ಮೊದಲು ಪ್ರಿಸಂ ಕಾನ್‌ಸ್ಟಂಟ್, ಸ್ಕೇಲ್ ಫ್ಯಾಕ್ಟರ್ ನೋಡಿ. ಯುಟಿಎಂ ನಕ್ಷೆ ಪದ್ಧತಿಯ ಸ್ಕೇಲ್ ಫ್ಯಾಕ್ಟರ್ (ದೂರವನ್ನು ಗುಣಿಸುವ ಅಂಕಿ) 0.9996 ಗೊತ್ತಿಲ್ಲದೆ ಆನ್ ಆಗಿದ್ದರೆ 100 ಮೀಟರಿಗೆ 40 ಮಿ.ಮೀ. ಹೋಯಿತು. ತಾಪಮಾನದ ಪಾಲು ಸಣ್ಣದು. 10 ಡಿಗ್ರಿ ತಪ್ಪು ಹಾಕಿದರೂ 100 ಮೀಟರಿಗೆ ಸುಮಾರು 1 ಮಿ.ಮೀ. ಅಷ್ಟೇ. ಅಡ್ಡಕ್ಕೆ ತಪ್ಪಿದ್ದರೆ ಓರಿಯಂಟೇಷನ್ (ಯಂತ್ರಕ್ಕೆ ಕೊಟ್ಟ ದಿಕ್ಕು), ಸೆಂಟರಿಂಗ್ ನೋಡಿ, ಇಲ್ಲವೇ ಟ್ರೈಪಾಡ್ ನೆಲಕ್ಕೆ ಇಳಿದಿರಬಹುದು. ಬೆಳಗ್ಗೆ ಸೊನ್ನೆ ಇದ್ದದ್ದು ಮಧ್ಯಾಹ್ನದ ಹೊತ್ತಿಗೆ 20 ಸೆಕೆಂಡಿನ ಕೋನದಷ್ಟು ತಿರುಗಿದ್ದರೆ 100 ಮೀಟರಿನಲ್ಲಿ ಸುಮಾರು 10 ಮಿ.ಮೀ. ಟ್ರೈಪಾಡಿನ ಒಂದು ಕಾಲಿಗೆ ಬಿಸಿಲು, ಇನ್ನೊಂದಕ್ಕೆ ನೆರಳು ಇದ್ದರೂ ಹೀಗೆ ಆಗುತ್ತದೆ. ಅದಕ್ಕೇ ಸಮಯವನ್ನೂ ಬರೆದಿಡಿ.

ಇನ್ನೊಬ್ಬ ಸದಸ್ಯರು: ನಾವು ರಿಸೆಕ್ಷನ್ ಮಾಡುವುದಿಲ್ಲ. ಪಾಯಿಂಟ್ ಮೇಲೇ ಯಂತ್ರ ಇಟ್ಟು ಬ್ಯಾಕ್‌ಸೈಟ್ ತೆಗೆದುಕೊಳ್ಳುತ್ತೇವೆ, ಅಂದರೆ ಗೊತ್ತಿರುವ ಇನ್ನೊಂದು ಪಾಯಿಂಟ್ ನೋಡಿ ದಿಕ್ಕು ಕೂರಿಸುತ್ತೇವೆ. ನಮಗೂ ಇದೇ ಶೀಟ್ ಸಾಕಾ?

ಉತ್ತರ: ಸಾಕು, ಜೊತೆಗೆ ಬ್ಯಾಕ್‌ಸೈಟಿನ ದೂರವನ್ನೂ ಬರೆಯಿರಿ. 20 ಮೀಟರ್ ಬ್ಯಾಕ್‌ಸೈಟ್‌ನಲ್ಲಿ ಪ್ರಿಸಂ 3 ಮಿ.ಮೀ. ಅಡ್ಡಕ್ಕೆ ಸರಿದಿದ್ದರೆ 60 ಮೀಟರಿನ ಗುರುತು 9 ಮಿ.ಮೀ. ಪಕ್ಕಕ್ಕೆ ಬೀಳುತ್ತದೆ. ಬ್ಯಾಕ್‌ಸೈಟ್ ಉದ್ದ, ಲೇಔಟ್ ಗಿಡ್ಡ ಇರಬೇಕು. ಜಾಗ ಇಲ್ಲ ಅಂದರೆ ಕೊನೇ ಪಕ್ಷ ಆ ಅಂಕಿ ಶೀಟಿನಲ್ಲಿ ಕಾಣಲಿ. ಲೇಸರ್ ಪ್ಲಮ್ಮೆಟನ್ನು (ಯಂತ್ರದ ನೇರ ಕೆಳಗೆ ಚುಕ್ಕಿ ಬೀಳಿಸುವ ಭಾಗ) ಆಗಾಗ 180 ಡಿಗ್ರಿ ತಿರುಗಿಸಿ ಚುಕ್ಕಿ ಅಲ್ಲೇ ನಿಲ್ಲುತ್ತದಾ ನೋಡಿ.

ಪ್ರಶ್ನೆ: ಒಂದು ಕಂಟ್ರೋಲ್ ಪಾಯಿಂಟ್ ಯಾವಾಗಲೂ 7-8 ಮಿ.ಮೀ. ತೋರಿಸುತ್ತದೆ. ಅದನ್ನು ಬಿಟ್ಟರೆ ರಿಸಲ್ಟ್ ಚೆನ್ನಾಗಿ ಬರುತ್ತದೆ. ಬಿಡಬಹುದಾ?

ಉತ್ತರ: ಸುಮ್ನೆ ಬಿಡಬೇಡಿ. ಬೇರೆ ಬೇರೆ ಕಡೆಯಿಂದ ಅದನ್ನು ನೋಡಿದಾಗ ತಪ್ಪು ಒಂದೇ ದಿಕ್ಕಿಗೆ, ಉದಾಹರಣೆಗೆ ಯಾವಾಗಲೂ ಪೂರ್ವಕ್ಕೆ ಇದ್ದರೆ, ಪಾಯಿಂಟೇ ಸರಿದಿದೆ, ಇಲ್ಲವೇ ಅದರ ಕೋಆರ್ಡಿನೇಟ್ ತಪ್ಪು. ಪಕ್ಕದಲ್ಲಿ ಅಗೆದಿದ್ದಾರಾ, ಭಾರದ ವಾಹನ ಏನಾದರೂ ಓಡಾಡಿದೆಯಾ ವಿಚಾರಿಸಿ. ಸೆಟಪ್ ಬದಲಾದಂತೆ ದಿಕ್ಕೂ ಬದಲಾದರೆ ಪ್ರಿಸಂ, ಪೋಲ್ ಕಡೆ ನೋಡಿ. ಪಾಯಿಂಟ್ ಬಿಟ್ಟಿದ್ದರೆ ಯಾವ ದಿನದಿಂದ, ಯಾಕೆ ಅಂತ ಬರೆಯಿರಿ. ಚೆನ್ನಾಗಿ ಕಾಣಲಿ ಅಂತ ಪಾಯಿಂಟ್ ಕಿತ್ತುಹಾಕುವುದು ತುಂಬಾ ಕಡೆ ನಡೆಯುತ್ತದೆ. ಆಮೇಲೆ ಶೀಟ್ ನಂಬುವ ಹಾಗಿರುವುದಿಲ್ಲ.

ಇನ್ನೊಬ್ಬ ಸದಸ್ಯರು: ನಮ್ಮ ಯಂತ್ರದ ಕೋನದ ನಿಖರತೆ 2 ಸೆಕೆಂಡ್. ಎರಡೂ ಫೇಸ್‌ನಲ್ಲಿ (ದುರ್ಬೀನು ಮಗುಚಿ, ಯಂತ್ರ ತಿರುಗಿಸಿ ಎರಡು ಸಲ) ನೋಡುವ ಅಗತ್ಯ ಇದೆಯಾ?

ಉತ್ತರ: ಆ 2 ಸೆಕೆಂಡ್ ಅನ್ನುವುದೇ ಐಎಸ್‌ಒ 17123-3 ಮಾನದಂಡದ ಪ್ರಕಾರ ಎರಡೂ ಫೇಸ್ ನೋಡಿ ತೆಗೆದ ಸರಾಸರಿಗೆ ಕೊಟ್ಟ ಅಂಕಿ! ಪ್ರತಿ ಕಾಲಂ ಗುರುತಿಗೆ ಬೇಡ. ಸೆಟಪ್ಪಿನ ಪಾಯಿಂಟುಗಳಿಗೆ ಎರಡೂ ಫೇಸ್ ನೋಡಿ. ಎರಡರ ನಡುವಿನ ವ್ಯತ್ಯಾಸವನ್ನೂ ಬರೆದಿಟ್ಟರೆ ಕ್ಯಾಲಿಬ್ರೇಷನ್ ಯಾವಾಗ ಹಾಳಾಯಿತು ಅಂತ ತಾನಾಗೇ ಗೊತ್ತಾಗುತ್ತದೆ.

ಪ್ರಶ್ನೆ: ಕೊನೆಯದು. ಎಷ್ಟು ಬಂದರೆ ಸೆಟಪ್ ಮತ್ತೆ ಮಾಡಬೇಕು?

ಉತ್ತರ: ಕೆಲಸ ನೋಡಿ ಹೇಳಬೇಕು. ನಾನು ಟಾಲರೆನ್ಸಿನ (ಕೆಲಸದಲ್ಲಿ ಒಪ್ಪುವ ತಪ್ಪಿನ ಮಿತಿ) ಮೂರನೇ ಒಂದು ಭಾಗ ಅಂತ ಇಟ್ಟುಕೊಳ್ಳುತ್ತೇನೆ. ಗುರುತಿಗೆ 10 ಮಿ.ಮೀ. ಬಿಟ್ಟಿದ್ದರೆ ಸೆಟಪ್ಪಿಗೆ 3. ಅಗೆತಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಡಿ, ಆಂಕರ್ ಬೋಲ್ಟಿಗೆ ಮಾತ್ರ ಈ ಮಿತಿ ಸಡಿಲಿಸಬೇಡಿ. ಮತ್ತೆ ಸೆಟಪ್ ಮಾಡುವ ಮುಂಚೆ ಪೋಲಿನ ಬಬಲ್ (ನೆಟ್ಟಗಿದೆಯಾ ತೋರಿಸುವ ಗುಳ್ಳೆ) ಪರೀಕ್ಷೆ ಮಾಡಿ. ಅದು 10 ನಿಮಿಷದ ಕೋನದಷ್ಟು ತಪ್ಪಿದ್ದರೆ 2 ಮೀಟರ್ ಪೋಲಿನ ತುದಿಯಲ್ಲಿ ಸುಮಾರು 6 ಮಿ.ಮೀ. ತಪ್ಪು. 30 ಸೆಂ.ಮೀ. ಪೋಲಿನಲ್ಲಿ 1 ಮಿ.ಮೀ. ಕೂಡ ಇಲ್ಲ. ಚೆಕ್ ಪಾಯಿಂಟಿಗೆ ಗಿಡ್ಡ ಪೋಲ್ ಹಿಡಿದು ಇನ್ನೊಮ್ಮೆ ಅಳೆಯಿರಿ. ಎಷ್ಟೋ ಸಲ ಸೆಟಪ್ ಸರಿಯಾಗೇ ಇರುತ್ತದೆ.