ಆಲ್ಟೋ ಕೆ10: ಟೈಮಿಂಗ್ ಚೈನ್ ಹೊಸದು, ಆದರೂ ಒಂದು ಕಡೆ ಜೋಲು. ಯಾಕೆ?

ಮನೆಗ್ಯಾರೇಜ್:
ನಮಸ್ಕಾರ. 2012ರ ಆಲ್ಟೋ ಕೆ10 ಎಂಜಿನ್ ಬಿಚ್ಚಿ ರಿಂಗ್, ಬೇರಿಂಗ್ ಎಲ್ಲಾ ಹೊಸದು ಹಾಕಿದ್ದೇನೆ. ಲೇತಿನವರು ಹೆಡ್ಡಿಗೆ 0.2 ಮಿ.ಮೀ. ಫೇಸಿಂಗ್ ಮಾಡಿಕೊಟ್ಟರು, ಅಂದರೆ ತಳವನ್ನು ಅಷ್ಟು ತುರಿದು ಸಮ ಮಾಡಿದರು. ಟೈಮಿಂಗ್ ಚೈನ್ (ಕ್ರ್ಯಾಂಕಿನಿಂದ, ವಾಲ್ವ್ ತೆರೆಯುವ ಎರಡು ಕ್ಯಾಮ್‌ಗಳನ್ನು ತಿರುಗಿಸುವ ಚೈನ್), ಅದಕ್ಕೆ ಆಸರೆಯಾಗಿರುವ ಗೈಡ್, ಬಿಗಿ ಹಿಡಿಯುವ ಟೆನ್ಷನರ್ ಕೂಡ ಹೊಸದು. ಟೆನ್ಷನರನ್ನು ಒತ್ತಿ ಹಿಡಿದಿದ್ದ ಪಿನ್ ತೆಗೆದಾಗ ಆ ಕಡೆ ಚೈನ್ ಬಿಗಿಯಾಯಿತು. ಆದರೆ ಎದುರು ಕಡೆ, ಉದ್ದ ಗೈಡ್ ಇರುವಲ್ಲಿ, ಬೆರಳಲ್ಲಿ ಒತ್ತಿದರೆ ಇಳಿಯುತ್ತದೆ. ಫೇಸಿಂಗ್ ಮಾಡಿಸಿದ್ದಕ್ಕೆ ಹೀಗಾ? ಕ್ರ್ಯಾಂಕನ್ನು ಎರಡು ಸುತ್ತು ತಿರುಗಿಸಿದೆ. ಗುರುತು ಸ್ವಲ್ಪ ದಾಟಿತು, ಹಿಂದಕ್ಕೆ ತಂದು ನಿಲ್ಲಿಸಿದೆ. ಚೈನಿನ ಬಣ್ಣದ ಕೊಂಡಿ ಒಂದೂ ಗುರುತಿಗೆ ಬರಲಿಲ್ಲ! ಮೂರು ಸಲ ಬಿಚ್ಚಿ ಹಾಕಿದ್ದಾಯ್ತು.

ಬುಲೆಟ್ಟು:
ಒಂದು ಕೊಂಡಿ ಕತ್ತರಿಸಿಬಿಡಿ ಸರ್.

ಹಳೇಸ್ಪ್ಯಾನರ್:
ಅಯ್ಯೋ, ಬೇಡ! ಇದು ಬೈಕಿನ ಹಿಂದಿನ ಚೈನ್ ಅಲ್ಲ.

ಫೇಸಿಂಗ್ ಮೇಲೆ ತಪ್ಪು ಹೊರಿಸಬೇಡಿ. ಹೆಡ್ 0.2 ಮಿ.ಮೀ. ಇಳಿದರೆ ಕ್ಯಾಮ್ ಕ್ರ್ಯಾಂಕಿಗೆ ಅಷ್ಟೇ ಹತ್ತಿರ ಬರುತ್ತದೆ. ಕ್ಯಾಮ್ ಸ್ಪ್ರಾಕೆಟ್ಟಿನ (ಚೈನ್ ಕೂರುವ ಹಲ್ಲುಚಕ್ರದ) ತ್ರಿಜ್ಯ 50 ಮಿ.ಮೀ. ಅಂತ ಇಟ್ಟುಕೊಂಡರೆ, ವಾಲ್ವ್ ತೆರೆಯುವ ಟೈಮಿಂಗ್ ಹಿಂದೆ ಬೀಳೋದು ಕ್ರ್ಯಾಂಕ್ ಲೆಕ್ಕದಲ್ಲಿ ಅರ್ಧ ಡಿಗ್ರಿಯೂ ಇಲ್ಲ. ಅದೇ 36 ಹಲ್ಲಿನ ಸ್ಪ್ರಾಕೆಟ್ಟಿನಲ್ಲಿ ಒಂದು ಹಲ್ಲು ತಪ್ಪಿದರೆ 20 ಡಿಗ್ರಿ!

ಎಲ್ಲಾ ಚೈನಿನಲ್ಲೂ ಸಡಿಲ ಇದ್ದೇ ಇರುತ್ತದೆ. ಅದು ಪೂರ್ತಿ ಟೆನ್ಷನರ್ ಕಡೆಗೇ ಸೇರಬೇಕು, ಅಷ್ಟೇ. ಕ್ರ್ಯಾಂಕ್ ಎಳೆಯುವ ಕಡೆ, ಅಂದರೆ ಉದ್ದ ಗೈಡ್ ಕಡೆ, ಚೈನ್ ಬಿಗಿಯಾಗಿರಬೇಕು. ನೀವು ಹಿಂದಕ್ಕೆ ತಿರುಗಿಸಿದಿರಿ ಅಲ್ವಾ? ಆಗ ಸಡಿಲ ಈ ಕಡೆ ಬಂತು. ಗುರುತು ದಾಟಿದರೆ ಹಿಂದೆ ಬರಬೇಡಿ, ಮತ್ತೆ ಎರಡು ಸುತ್ತು ಮುಂದೆ ಹೋಗಿ.

ಬಣ್ಣದ ಕೊಂಡಿ ಜೋಡಿಸುವಾಗ ಮಾತ್ರ ಬೇಕು. ಆಮೇಲೆ ಅವು ಮತ್ತೆ ಗುರುತಿಗೆ ಬರಲು ಎಷ್ಟೋ ಸುತ್ತು ಬೇಕು. ಅದನ್ನು ನೋಡಿ ಸುಮ್ನೆ ಬಿಚ್ಚಬೇಡಿ. ಸ್ಪ್ರಾಕೆಟ್ಟಿನ ಗುರುತು ಎಂಜಿನ್ನಿನ ಗುರುತಿಗೆ ಕೂತಿದೆಯಾ, ಅದನ್ನು ನೋಡಿ.

ಈಗ ಹೀಗೆ ಮಾಡಿ. ಸ್ಪಾರ್ಕ್ ಪ್ಲಗ್ ತೆಗೆದು, ಪುಲ್ಲಿ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಗಡಿಯಾರದ ದಿಕ್ಕಿಗೇ ಎರಡು ಸುತ್ತು ನಿಧಾನವಾಗಿ ತಿರುಗಿಸಿ. ಎಲ್ಲಾದರೂ ತಡೆದರೆ ಬಲ ಹಾಕಬೇಡಿ, ವಾಲ್ವ್ ಪಿಸ್ಟನ್ನಿಗೆ ತಾಗಿರಬಹುದು. ಕ್ರ್ಯಾಂಕ್ ಗುರುತಿಗೆ ಬಂದಾಗ ಕ್ಯಾಮ್ ಎಲ್ಲಿದೆ ಹೇಳಿ.

ಮನೆಗ್ಯಾರೇಜ್:
ಗೈಡ್ ಕಡೆ ಈಗ ಬಿಗಿ. ಆದರೆ ಎರಡೂ ಕ್ಯಾಮ್ ಸರಿಯಾಗಿ ಒಂದು ಹಲ್ಲು ಹಿಂದೆ!

ಹಳೇಸ್ಪ್ಯಾನರ್:
ಹಾಗಾದರೆ ಜೋಡಿಸುವಾಗಲೇ ಗೈಡ್ ಕಡೆ ಒಂದು ಹಲ್ಲಿನಷ್ಟು ಜೋಲು ಬಿಟ್ಟಿದ್ದೀರಿ. ಚೈನ್ ಹಾಕುವಾಗ ಮೊದಲು ಆ ಕಡೆ ಎಳೆದು ಬಿಗಿ ಮಾಡಿ, ಆಮೇಲೆ ಕ್ಯಾಮ್‌ಗಳ ಮೇಲಿಂದ ತಂದು, ಉಳಿದದ್ದನ್ನು ಟೆನ್ಷನರಿಗೆ ಬಿಡಿ. ವಾಲ್ವ್ ಸ್ಪ್ರಿಂಗ್ ಕ್ಯಾಮನ್ನು ತಳ್ಳುತ್ತದೆ, ಸ್ಪ್ಯಾನರಿನಲ್ಲಿ ಹಿಡಿದುಕೊಳ್ಳಲು ಇನ್ನೊಬ್ಬರು ಇದ್ದರೆ ಒಳ್ಳೇದು. ಸ್ಟಾರ್ಟ್ ಮಾಡುವ ಮುಂಚೆ ಪೆಟ್ರೋಲ್ ಪಂಪ್ ಫ್ಯೂಸ್ ತೆಗೆದು, ಪ್ಲಗ್ ಇಲ್ಲದೇ ಆಯಿಲ್ ಲೈಟ್ ಆರುವವರೆಗೆ ಸ್ವಲ್ಪ ಸ್ವಲ್ಪವೇ ಸೆಲ್ಫ್ ಹೊಡೆಯಿರಿ. ಟೆನ್ಷನರಿಗೆ ಆಯಿಲ್ ತುಂಬಬೇಕಲ್ಲ.

ಮನೆಗ್ಯಾರೇಜ್:
ತಮ್ಮನನ್ನು ಕರೆದು ಕ್ಯಾಮ್ ಹಿಡಿಸಿದೆ. ಎರಡು ಸುತ್ತು ತಿರುಗಿಸಿದೆ, ಗುರುತು ಮೂರೂ ಸರಿ. ಸ್ಟಾರ್ಟ್ ಆದಾಗ ಎರಡು ಸೆಕೆಂಡ್ ಕಟಕಟ ಅಂತು, ಆಮೇಲೆ ಸದ್ದಿಲ್ಲ. ತುಂಬಾ ಥ್ಯಾಂಕ್ಸ್ ಸರ್. ನನ್ನ ಹೆಂಡತಿ ಮಾತ್ರ ಇನ್ನೊಂದು ವಾರ ಬಸ್ಸಲ್ಲೇ ಹೋಗ್ತಾಳಂತೆ.