ಜಪಾನಿ ಮಾತಿನ 'ನಕನಕ': ಹೊಗಳಿಕೆಗೋ, ತಡವಾದದ್ದಕ್ಕೋ?

ಪ್ರಶ್ನೆ: 'ಬಸು ಗ ನಕನಕ ಕೊನಾಯ್' ಅಂದರೆ ಬಸ್ಸು ಬರುತ್ತಿಲ್ಲ. 'ಕೊನೊ ರಾಮೆನ್, ನಕನಕ ಒಯಿಶೀ' ಅಂದರೆ ರಾಮೆನ್ (ಸಾರಿನಲ್ಲಿ ಬಡಿಸುವ ನೂಡಲ್ಸ್) ಚೆನ್ನಾಗಿದೆ. ಎರಡೂ ಕಡೆ ಇರುವುದು ಒಂದೇ ಪದವೇ? ದೊಡ್ಡವರೆದುರು ಇದನ್ನು ಬಳಸಬಾರದು ಅಂತಾರೆ, ಯಾಕೆ?

ಉತ್ತರ: ಪದ ಒಂದೇ. (ಹಸಿದಾಗ ಹೊಟ್ಟೆ 'ನಕನಕ' ಅನ್ನುತ್ತದಲ್ಲ, ಅದಕ್ಕೂ ಇದಕ್ಕೂ ನಂಟಿಲ್ಲ.) ಅರ್ಥ ಯಾವ ಕಡೆ ವಾಲುತ್ತದೆ ಅಂತ ತಿಳಿಯಲು ವಾಕ್ಯದ ಕೊನೆ ನೋಡಬೇಕು.

ಕೊನೆಯ ಕ್ರಿಯಾಪದ 'ನಾಯ್' (ಇಲ್ಲ) ಹಚ್ಚಿಕೊಂಡು ನಿಷೇಧದಲ್ಲಿದ್ದರೆ, ಆಗಬೇಕಾದ್ದು ಅಷ್ಟು ಸುಲಭಕ್ಕೆ ಆಗುತ್ತಿಲ್ಲ ಎಂದರ್ಥ. ಬರೀ 'ಕೊನಾಯ್' ಅಂದರೆ ಬರುತ್ತಿಲ್ಲ, ಅಷ್ಟೆ. 'ನಕನಕ' ಸೇರಿದರೆ ಇಷ್ಟು ಹೊತ್ತು ಕಾದರೂ ಬರಲೇ ಇಲ್ಲವಲ್ಲ ಅನ್ನುವ ಭಾವ ಬರುತ್ತದೆ. ಹಾಗಾಗಿ ನಿರೀಕ್ಷೆಯೋ ಪ್ರಯತ್ನವೋ ಇಲ್ಲದ ಕಡೆ ಇದು ಹೊಂದುವುದಿಲ್ಲ.

ಕಲಿಯುವವರು ಎಡವುವುದು ಕ್ರಿಯಾಪದ ಆರಿಸುವಾಗ. ಬಾಟಲಿಯ ಮುಚ್ಚಳದ ಜೊತೆ ಒದ್ದಾಡುತ್ತಿರುವವರು 'ಫುತ ಗ ನಕನಕ ಅಕನಾಯ್' ಅನ್ನಬೇಕು, ಮುಚ್ಚಳ ಬಿಚ್ಚಿಕೊಳ್ಳುತ್ತಲೇ ಇಲ್ಲ ಅಂತ. 'ಅಕೆನಾಯ್' ಅಂದರೆ ತೆಗೆಯುವುದಿಲ್ಲ ಎಂದಾಗಿ, ತಾವೇ ಬೇಡವೆಂದು ಬಿಟ್ಟಂತೆ ಕೇಳುತ್ತದೆ. ತಮ್ಮ ಬಗ್ಗೆ ಹೇಳುವಾಗ 'ಆಗುತ್ತಿಲ್ಲ' ಅನ್ನುವ ರೂಪವೇ ಬೇಕು: 'ಕಂಜಿ ಗ ನಕನಕ ಒಬೊಎರರೆನಾಯ್', ಕಂಜಿ (ಜಪಾನಿ ಬರಹದಲ್ಲಿ ಬಳಸುವ ಚೀನೀ ಮೂಲದ ಅಕ್ಷರಗಳು) ಎಷ್ಟು ಮಾಡಿದರೂ ನೆನಪಿಟ್ಟುಕೊಳ್ಳಲು ಆಗುತ್ತಿಲ್ಲ. ಬಹಳ ದಿನ ಸುದ್ದಿಯಿಲ್ಲದೆ ಇದ್ದು ಮತ್ತೆ ಮಾತಾಡಿಸುವಾಗ 'ನಕನಕ ರೆನ್‌ರಕು ದೆಕಿನಕುತೆ ಸುಮಿಮಸೆನ್' ಅನ್ನಿ, ಸಂಪರ್ಕಿಸಲು ಆಗಲೇ ಇಲ್ಲ, ಕ್ಷಮಿಸಿ ಅಂತ. ಈ ವಾಕ್ಯವನ್ನು ಇಡಿಯಾಗಿ ಬಾಯಿಪಾಠ ಮಾಡಿಕೊಳ್ಳುವುದು ಒಳ್ಳೆಯದು. ಆಜ್ಞೆ, ಕೋರಿಕೆಗಳಲ್ಲಿ ಮಾತ್ರ 'ನಕನಕ' ಬೇಡ.

ನಿಷೇಧ ಇಲ್ಲದಿದ್ದರೆ, ಎಣಿಸಿದ್ದಕ್ಕಿಂತ ಮೇಲು ಎಂದರ್ಥ. ಕನ್ನಡದಲ್ಲಿ ಹುಬ್ಬೇರಿಸಿ 'ಪರವಾಗಿಲ್ವೇ!' ಅನ್ನುತ್ತೇವಲ್ಲ, ಇದಕ್ಕೆ ಅದಕ್ಕಿಂತ ಹತ್ತಿರದ ಮಾತು ಸಿಗುವುದು ಕಷ್ಟ. ಗೆಳೆಯ ಏನೋ ಸಾಧಿಸಿದಾಗ 'ನಕನಕ ಯರು ನೆ' ಅಂದರೆ 'ಪರವಾಗಿಲ್ಲ ಕಣೋ ನೀನು!' ಅಂದ ಹಾಗೆ. ದೊಡ್ಡವರೆದುರು ಬೇಡ ಅನ್ನುವುದೂ ಇದಕ್ಕೇ. ಮೇಷ್ಟ್ರಿಗೆ 'ನಿಮ್ಮ ಪಾಠ ಪರವಾಗಿಲ್ವೇ ಸಾರ್' ಅಂದರೆ ಹೊಗಳಿದಂತಾಗುವುದಿಲ್ಲ, ಅವರಿಗೇ ಅಂಕ ಕೊಟ್ಟಂತಾಗುತ್ತದೆ. ಗುರುಗಳಿಗೆ 'ತೊತೆಮೊ ಬೆನ್‌ಕ್ಯೋ ನಿ ನರಿಮಶಿತ' (ತುಂಬಾ ಕಲಿತೆ) ಅನ್ನಿ, ಊಟ ಬಡಿಸಿದ ಹಿರಿಯರಿಗೆ 'ತೊತೆಮೊ ಒಯಿಶೀ ದೆಸು' ಸಾಕು.

ರುಚಿ ಕೆಟ್ಟಿದ್ದಕ್ಕೆ 'ನಕನಕ ಮಜುಯ್' ಅನ್ನುವುದು ಸಹಜವಲ್ಲ. 'ನಕನಕ ಮುಜುಕಶೀ' (ಅಂದುಕೊಂಡದ್ದಕ್ಕಿಂತ ಕಷ್ಟ) ಮಾತ್ರ ಧಾರಾಳವಾಗಿ ಚಲಾವಣೆಯಲ್ಲಿದೆ. ಆಫೀಸಿನಲ್ಲಿ ನಿಮ್ಮ ಕೋರಿಕೆಗೆ ಈ ಉತ್ತರ ಬಂದರೆ, ಬಹುಪಾಲು ಅದು ನಯವಾಗಿ 'ಆಗಲಿಕ್ಕಿಲ್ಲ' ಅಂದದ್ದೇ.

'ನಾಯ್' ಕಂಡ ಕೂಡಲೇ ದೂರು ಅಂದುಕೊಳ್ಳಬೇಡಿ. 'ಕೊನ್ನ ಮಿಸೆ ವ ನಕನಕ ನಾಯ್' ಅಂದರೆ ಇಂಥ ಅಂಗಡಿ ಅಷ್ಟು ಸುಲಭಕ್ಕೆ ಸಿಗುವುದಿಲ್ಲ ಅಂತ. ವಾಕ್ಯ ನಿಷೇಧದ್ದು, ಮಾತು ಅಪ್ಪಟ ಮೆಚ್ಚುಗೆಯದು.